ಎಣ್ಣೆ ಮೆತ್ತಿದ ಎರಡು ಕಾಲು

ನಮ್ಮ ದೊಡ್ಡಪ್ಪನಷ್ಟು ಹಟಮಾರಿ ಅಹಂಕಾರಿಯನ್ನು ಚಳ್ಳಕೆರೆ ತಾಲ್ಲೂಕು ಕಂಡಿಲ್ಲ. ಉಳಿದವರು ಮೇಲಿನ ಕುರ್ಚಿಗೆ ಕಿತ್ತಾಡಿದರೆ ಇವರು ಕೆಳಗಿನ ಜಾಗಕ್ಕೆ ಕಿತ್ತಾಡುತ್ತಾರೆ. ಚರ್ಚಿನಲ್ಲಿ ಚಪ್ಪಲಿಗಳ ಪಕ್ಕದ ಕೊನೆಯ ಬೆಂಚು ಅವರದು. ಅಲ್ಲಿ ಬೇರೆ ಯಾರಾದರೂ ಕೂತಿದ್ದರೆ ಆ ದಿನ ದೊಡ್ಡಪ್ಪನ ಮುಖವನ್ನು ನೀವು ನೋಡಬೇಕು.

ಕಡಲೆಕಾಯಿ ಎಣ್ಣೆ ಮಿಲ್ಲುಗಳ ಯಂತ್ರ, ಕೊಳವೆಬಾವಿಯ ಮೋಟಾರು, ಕೆಟ್ಟದ್ದು ಯಾವುದಿದ್ದರೂ ಬಿಚ್ಚಿ ಜೋಡಿಸುವುದು ಅವರ ಕಸುಬು. ಒಮ್ಮೆ ಮಿಲ್ಲಿನವರೆಲ್ಲ ಸೇರಿ ಅವರಿಗೆ ಸನ್ಮಾನ ಏರ್ಪಡಿಸಿದರು. ಹೆಸರು ಕರೆದಾಗ ದೊಡ್ಡಪ್ಪ ನಾಪತ್ತೆ. ಕೈಕೊಟ್ಟ ಜನರೇಟರನ್ನು ಸರಿಮಾಡಲು ಅವರು ವೇದಿಕೆಯ ಅಡಿಗೆ ನುಗ್ಗಿದ್ದರು. ಹೊರಗೆ ಕಾಣುತ್ತಿದ್ದದ್ದು ಎರಡು ಕಾಲು ಮಾತ್ರ. ಮುಖ್ಯ ಅತಿಥಿಗಳಿಗೆ ಮುಂದಿನ ಕಾರ್ಯಕ್ರಮಕ್ಕೆ ಅವಸರ. ಕೆಳಗಿಳಿದು ಬಂದು ಶಾಲನ್ನು ಆ ಕಾಲುಗಳಿಗೇ ಹೊದಿಸಿ, ಫೋಟೊ ತೆಗೆಸಿಕೊಂಡು ಹೊರಟರು. ಸನ್ಮಾನಿತರು ಈಚೆ ಬಂದು ಶಾಲಿನಿಂದ ಕೈ ಒರೆಸಿಕೊಂಡು, "ಬಟ್ಟೆ ಚೆನ್ನಾಗೈತೆ, ಡೀಸೆಲ್ ಬೇಗ ಹೀರ್ತೈತೆ" ಎಂದರು.

ಮೊಳಕಾಲ್ಮುರಿನ ಮದುವೆಯಲ್ಲಿ ನಡೆದದ್ದು ಇನ್ನೂ ಘೋರ. ದೊಡ್ಡಮ್ಮ ಅದೇ ಊರಿನ ಮಗಳು. ತವರಿನ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದರು. ದೊಡ್ಡಪ್ಪ ಅಡುಗೆಯವರ ಜೊತೆ ಮೂಟೆಯ ಮೇಲೆ ಕೂತಿದ್ದರು. ಅಡುಗೆಯವನೆಂದೇ ತಿಳಿದ ಯಾರೋ ಯಜಮಾನರು ಸಾರು ಕೇಳಿದರು. ಇವರು ಎದ್ದು ಮೂರು ಪಂಕ್ತಿಗೆ ಬಡಿಸಿದರು. ಬಡಿಸಿದ ಅಚ್ಚುಕಟ್ಟು ಮೆಚ್ಚಿದ ಆ ಯಜಮಾನರು, ಮುಂದಿನ ತಿಂಗಳು ತಮ್ಮ ಮಗನ ಮದುವೆಗೂ ಇವರೇ ಬರಬೇಕೆಂದು ಗೊತ್ತುಮಾಡಿದರು.

"ನನ್ನ ಕರ್ಮ! ಆಗಲ್ಲ ಅನ್ನೋಕೆ ಬಾಯಿರ್ಲಿಲ್ವಾ ನಿಮಗೆ?" ಎಂದರು ದೊಡ್ಡಮ್ಮ.

"ಕರೆದವ್ರೆ, ಹೋಗ್ದಿದ್ರೆ ಬೇಜಾರು ಮಾಡ್ಕೊಳ್ಳಲ್ವಾ?"

ಹೋದರು ಕೂಡ.

ಈಸ್ಟರ್‌ಗೆ ಮುಂಚಿನ ಗುರುವಾರ, ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ ನಮ್ಮ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಆ ಹನ್ನೆರಡು ಜನರೋ, ಮನೆಯಲ್ಲೇ ಸೋಪು ಹಚ್ಚಿ, ಕಲ್ಲಿನಿಂದ ಹಿಮ್ಮಡಿ ಉಜ್ಜಿ, ಉಗುರು ಕತ್ತರಿಸಿ, ಪೌಡರ್ ಹಾಕಿಕೊಂಡು ಬರುತ್ತಾರೆ! ದೊಡ್ಡಪ್ಪ ಮಾತ್ರ ಮಿಲ್ಲಿನಿಂದ ನೆಟ್ಟಗೆ ಬಂದು ಕೂರುತ್ತಿದ್ದರು. ಅವರ ಸರದಿಗೆ ಬೋಗುಣಿಯ ನೀರು ಎರಡು ಸಲ ಬದಲಾಗಬೇಕು.

"ಏನ್ರಿ, ಸ್ವಲ್ಪ ತೊಳ್ಕೊಂಡು ಬರಬಾರದಾ?" ಎಂದು ಫಾದರ್ ಒಮ್ಮೆ ಪಿಸುಗುಟ್ಟಿದರು.

"ತೊಳೆದ ಕಾಲು ತೊಳೆಯೋದು ನಾಟಕ ಆಗ್ತೈತೆ ಫಾದರ್. ನಿಮಗೆ ನಿಜವಾದ ಕೆಲಸ ನನ್ನತ್ರ ಮಾತ್ರ ಸಿಗೋದು."

ಇಂಥವರ ಮನೆತನದಲ್ಲಿ ನಾನು ಹುಟ್ಟಿದೆ. ಚಿನ್ನದ ಪದಕದ ಎಂ.ಎ., ಕೈಯಲ್ಲಿ ಸದಾ ಒಂದು ಅರ್ಜಿ. ಉತ್ತರದಾಯಿತ್ವ ನನ್ನ ಉಸಿರು. ಹೋದ ವರ್ಷ ಈಸ್ಟರ್ ಹತ್ತಿರವಿದ್ದಾಗ ಚರ್ಚಿನ ಕೊಳವೆಬಾವಿಯ ಮೋಟಾರು ಸುಟ್ಟುಹೋಯಿತು. ಶನಿವಾರ ಸಂಜೆಯಿಂದ ಬೆಳಗಿನವರೆಗೆ ಯಾರೂ ಸ್ವಿಚ್ ಆರಿಸಿರಲಿಲ್ಲ. ಸ್ವಿಚ್ಚಿನ ಹೊಣೆ ಗೇಟಿನಮ್ಮನದು. ಆಕೆ ಚರ್ಚಿನ ಗೇಟಿನ ಪಕ್ಕದ ಒಂದೇ ಕೋಣೆಯಲ್ಲಿ ಬದುಕುವ, ಕಾವಲು ಕಾಯುವ ವಯಸ್ಸಾದ ಹೆಂಗಸು. ನಾನು ಎರಡು ಪುಟದ ದೂರು ಬರೆದು ಸೂಚನಾಫಲಕಕ್ಕೆ ಅಂಟಿಸಿದೆ: 'ಕರ್ತವ್ಯಲೋಪ ಎಸಗಿದವರನ್ನು ಈ ಕೂಡಲೇ ತೆಗೆದುಹಾಕತಕ್ಕದ್ದು.' ಈಸ್ಟರ್ ಕಳೆದ ಮೇಲೆ ಆಕೆಯನ್ನು ಕಳಿಸುವುದೆಂದು ಸಮಿತಿ ಮಾತಾಡಿಕೊಂಡಿತು. ಕೆಲಸ ಹೋದರೆ ಕೋಣೆಯೂ ಹೋಗುತ್ತದೆಂದು ನನಗೆ ಹೊಳೆದಿತ್ತೇ? ನ್ಯಾಯದ ಮುಂದೆ ಕೋಣೆ ಯಾವ ಲೆಕ್ಕ!

ಮೋಟಾರು ಬಿಚ್ಚಿದ ದೊಡ್ಡಪ್ಪ ಮನೆಗೆ ಬಂದರು.

"ನಿನ್ನ ಕಾಗದ ಓದಿದೆ ಕಣವ್ವ. ಕನ್ನಡ ಬಾಳ ಚೆನ್ನಾಗೈತೆ. ಶನಿವಾರ ಗೇಟಿನಮ್ಮ ಫಾದರ್‌ಗೆ ಹೇಳಿ ನಾಯಕನಹಟ್ಟಿ ಮಗಳ ಮನೆಗೆ ಹೋಗಿದ್ಲು. ಸಮಿತಿಯೋರು ಫಾದರ್‌ನ ಕೇಳೇ ಇಲ್ಲ. ಸ್ವಿಚ್ ಹಾಕಿದೋರು ಯಾರಿರಬೋದು?"

ಆಗ ನೆನಪಾಯಿತು. ಶನಿವಾರ ಯುವಜನರ ಶಿಬಿರವಿತ್ತು. ಟ್ಯಾಂಕ್ ತುಂಬಲೆಂದು ಸ್ವಿಚ್ ಒತ್ತಿ, ಭಾಷಣಕ್ಕೆ ತಡವಾಯಿತೆಂದು ಓಡಿದವಳು ನಾನೇ. ಭಾಷಣದ ವಿಷಯ: ಸಾರ್ವಜನಿಕ ಜೀವನದಲ್ಲಿ ಹೊಣೆಗಾರಿಕೆ.

"ಯಾರಿಗಾದ್ರೂ ಹೇಳಿದ್ದೀರಾ?"

"ನಾನ್ಯಾಕೆ ಹೇಳ್ಲಿ? ಅದು ನನ್ನ ಕೆಲಸ ಅಲ್ಲವ್ವ" ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಬೈದಿದ್ದರೆ ವಾದ ಮಾಡಿ ಗೆಲ್ಲಬಹುದಿತ್ತು.

ಎರಡು ದಿನ ಕರಡು ಬರೆದೆ. 'ತಾಂತ್ರಿಕ ಕಾರಣಗಳಿಂದ.' ಹರಿದೆ. 'ಸಂವಹನದ ಕೊರತೆಯಿಂದ ಸ್ವಿಚ್ ಚಾಲನೆಯಲ್ಲಿಯೇ ಉಳಿಯಲ್ಪಟ್ಟು.' ಯಾವ ಕಚೇರಿಗಳ ಭಾಷೆಯನ್ನು ಅಷ್ಟು ವರ್ಷ ಹಂಗಿಸಿದ್ದೆನೋ ಅದು ನನ್ನ ಪೆನ್ನಿನಿಂದಲೇ ಇಳಿಯುತ್ತಿತ್ತು. ಅದನ್ನೂ ಹರಿದೆ. ಕಾಲು ತೊಳೆಯುವ ಗುರುವಾರ ಬೆಳಿಗ್ಗೆ ಅದೇ ಫಲಕದ ಮೇಲೆ ಹೊಸ ಕಾಗದ ಅಂಟಿಸಿದೆ: 'ಸ್ವಿಚ್ ಹಾಕಿದ್ದು ನಾನು. ಮರೆತದ್ದು ನಾನು. ಏನೂ ಮಾಡದವರ ಮೇಲೆ ದೂರು ಕೊಟ್ಟದ್ದೂ ನಾನು.' ಕೆಳಗೆ ಹೆಸರು ಬರೆದೆ. ಎಂ.ಎ. ಎಂದು ಬರೆಯಲಿಲ್ಲ.

ನಂತರ ಗೇಟಿನಮ್ಮನ ಕೋಣೆಗೆ ಹೋದೆ. ಮೂಲೆಯಲ್ಲಿ ಪಾತ್ರೆಗಳನ್ನು ಆಗಲೇ ಚೀಲಕ್ಕೆ ತುಂಬಿಟ್ಟಿದ್ದರು. ತಪ್ಪಾಯಿತೆಂದೆ. "ನಂಗೆ ಓದಾಕೆ ಬರಲ್ಲವ್ವ. ಏನೋ ಬೈದಿದ್ದೀಯ ಅಂತ ಮಾತ್ರ ಗೊತ್ತಿತ್ತು" ಎಂದು ಆಕೆ ಚೀಲದೊಳಗೆ ಕೈಹಾಕಿ ಟೀ ಪಾತ್ರೆಯನ್ನು ಹುಡುಕಿ ತೆಗೆದರು.

ಸಂಜೆ ಹನ್ನೆರಡನೆಯ ಕುರ್ಚಿಯಲ್ಲಿ ದೊಡ್ಡಪ್ಪ ಇರಲಿಲ್ಲ. ತಮ್ಮ ಜಾಗಕ್ಕೆ ಗೇಟಿನಮ್ಮನನ್ನು ಕೂರಿಸಿ, ಅವರು ಚಪ್ಪಲಿಗಳ ಪಕ್ಕದ ಬೆಂಚಿಗೆ ಹೋಗಿದ್ದರು. ಫಾದರ್ ಹಿಂದೆ ನೀರಿನ ಚೊಂಬು ಹಿಡಿದು ನಿಂತಿದ್ದವಳು ನಾನು. ಆಕೆಯ ಪಾದದ ಮೇಲೆ ನೀರು ಸುರಿದೆ.

ಪೂಜೆ ಮುಗಿದು ಜನ ಕರಗಿದ ಮೇಲೆ ದೊಡ್ಡಪ್ಪ ಅಂಗಳದ ನಲ್ಲಿಯ ಕಟ್ಟೆಯ ಮೇಲೆ ಕೂತಿದ್ದರು. ಕಾಲಿನ ತುಂಬ ಎಣ್ಣೆ, ಹಿಂಡಿಯ ಪುಡಿ. ಆ ವರ್ಷ ಅವನ್ನು ತೊಳೆದವರು ಯಾರೂ ಇಲ್ಲ. ನಾನು ಹೋಗಿ ಅವರ ಮುಂದೆ ಕುಕ್ಕರುಗಾಲಿನಲ್ಲಿ ಕೂತೆ.

"ಬಿಡವ್ವ, ಪದಕ ಹಿಡಿದ ಕೈ. ಗ್ರೀಸ್ ಮೆತ್ಕೊಂಡ್ರೆ ವಾರ ಹೋಗಲ್ಲ."

"ತೊಳೆದ ಕಾಲು ತೊಳೆಯೋದು ನಾಟಕ ಅಂದೋರು ನೀವೇ ಅಲ್ವಾ ದೊಡ್ಡಪ್ಪಾ?"

ನಲ್ಲಿ ತಿರುಗಿಸಿದೆ. ಅವರೇ ಜೀವ ಕೊಟ್ಟ ಮೋಟಾರಿನ ನೀರು ಬಂತು. ಬಲಗಾಲಿನ ಹಿಮ್ಮಡಿಯ ಬಿರುಕುಗಳಲ್ಲಿ ಹಲವು ವರ್ಷಗಳ ಕಪ್ಪು ಕೂತಿತ್ತು. ಬೆರಳಿನಿಂದ ಉಜ್ಜಿದೆ, ಪೂರ್ತಿ ಹೋಗಲಿಲ್ಲ. ತಲೆಯೆತ್ತಿ ನೋಡಿದರೆ ಅವರು ಬೇರೆ ಕಡೆ ಮುಖ ತಿರುಗಿಸಿ, ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಆ ಕಾಲನ್ನು ನನ್ನ ದುಪಟ್ಟಾದಲ್ಲಿ ಒರೆಸಿ ಕೆಳಗಿಟ್ಟೆ.

"ಇನ್ನೊಂದೈತೆ ಕಣವ್ವ" ಎಂದು ಮೆಲ್ಲಗೆ ಎಡಗಾಲನ್ನು ಮುಂದೆ ಚಾಚಿದರು.