ಅರಿಸಿನದ ಕೋಣೆಯ ಗುರುಕುಲ

ನಾಲ್ಕು ಮಕ್ಕಳನ್ನು ಸಾಕುವವನಿಗೆ ಆ ನಾಲ್ಕು ಮಕ್ಕಳಿಗೆ ಪಾಠ ಹೇಳುವುದು ಏನು ಮಹಾ ಕೆಲಸ? ಗುಂಡ್ಲುಪೇಟೆಯ ನನ್ನ ಅಂಗಡಿಯಲ್ಲಿ ಕುಳಿತು ಒಂದು ಬೆಳಿಗ್ಗೆ ಈ ಪ್ರಶ್ನೆಯನ್ನು ನನಗೆ ನಾನೇ ಹಾಕಿಕೊಂಡೆ. ಉತ್ತರವನ್ನೂ ನಾನೇ ಕೊಟ್ಟುಕೊಂಡೆ. ಆವತ್ತು ಬೇರೆ ಯಾರನ್ನಾದರೂ ಕೇಳಿದ್ದರೆ ನನ್ನ ಮಾನ ಉಳಿಯುತ್ತಿತ್ತು.

ನನ್ನದು ಅರಿಸಿನದ ವ್ಯಾಪಾರ. ಆ ಕೆಲಸದ ಮೇಲೆ ಚಾಮರಾಜನಗರಕ್ಕೆ ಹೋದಾಗ ಅಲ್ಲಿ ಪರಿಚಯದ ಪಂಡಿತರೊಬ್ಬರ ಮನೆಗೆ ಹೋಗಿದ್ದೆ. ಅವರ ಮೊಮ್ಮಗ, ಹಾಲುಹಲ್ಲು ಬಿದ್ದ ಹುಡುಗ, ಜಗುಲಿಯ ಮೇಲೆ ಕುಳಿತು ಸಂಸ್ಕೃತ ಶಬ್ದಗಳನ್ನು ಏಳು ವಿಭಕ್ತಿಗಳಲ್ಲಿ ಗಡಗಡನೆ ಒಪ್ಪಿಸುತ್ತಿದ್ದ. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಸಂಜೆ ಊರಿಗೆ ಬಂದರೆ, ನನ್ನ ಹಿರಿಯ ಮಗ ಮಹದೇವ, ಹನ್ನೊಂದು ವರ್ಷದವನು, ಸ್ಕೂಲಿನಿಂದ ಒಂದು ಬದನೆಕಾಯಿ ಹಿಡಿದು ಬಂದಿದ್ದ.

"ಏನ್ಲಾ ಇದು?" ಅಂದೆ.

"ನಾನೇ ಬೆಳ್ದದ್ದು ಅಪ್ಪಾಜಿ! ಇಸ್ಕೂಲ್ನಲ್ಲಿ ಪಾತಿ ಮಾಡ್ಸುದ್ರು. ನಾಳಿಂದ ತಕ್ಲೀಲಿ ನೂಲು ತೆಗ್ಯಾದಂತೆ."

ಸ್ವತಂತ್ರ ದೇಶದ ಹೊಸ ಶಿಕ್ಷಣ ಅದು. ಕೈಕೆಲಸದ ಮೂಲಕ ಕಲಿಯಬೇಕಂತೆ. ಅಲ್ಲಿ ವಿಭಕ್ತಿ, ಇಲ್ಲಿ ಬದನೆಕಾಯಿ! ನನ್ನ ರಕ್ತ ಕುದಿಯಿತು. ಮಕ್ಕಳನ್ನು ಸ್ಕೂಲು ಬಿಡಿಸಿ, ಮನೆಯಲ್ಲೇ ಪ್ರಾಚೀನ ಪದ್ಧತಿಯಲ್ಲಿ ವಿದ್ಯಾಭ್ಯಾಸ ಮಾಡಿಸುವುದೆಂದು ನಿರ್ಣಯಿಸಿದೆ.

ನನ್ನ ಅರ್ಹತೆಯನ್ನೂ ಹೇಳಿಬಿಡಬೇಕು. ಚಿಕ್ಕಂದಿನಲ್ಲಿ ನಾನು ಮಠವೊಂದರ ಪಾಠಶಾಲೆಯಲ್ಲಿ ಓದಿದವನು. ರಾಮ ಶಬ್ದ ಮುಗಿಯಿತು, ಹರಿ ಶಬ್ದ ಮುಗಿಯಿತು. ಗುರು ಶಬ್ದ ಶುರುವಾಗುವ ಹೊತ್ತಿಗೆ ಚಳಿಜ್ವರ ಬಂದು ಮನೆ ಸೇರಿದೆ. ಹೀಗೆ ಗುರುವನ್ನು ತಲುಪದೆ ನಿಂತ ಮನುಷ್ಯ ನೇರವಾಗಿ ಗುರುವಾಗಲು ಹೊರಟಿದ್ದೆ.

ಮಕ್ಕಳನ್ನು ಬಿಡಿಸಲು ಹೋದೆ. ಸ್ಕೂಲಿನ ಹೆಡ್ ಮಾಸ್ತರು ಒಳ್ಳೆಯವರು. "ಚಿಕ್ಕವರ ಮಾತಿರಲಿ ಯಜಮಾನ್ರೇ. ದೊಡ್ಡ ಹುಡುಗಿ ಗಿರಿಜ ಈ ವರ್ಷ ಮಿಡಲ್ ಸ್ಕೂಲ್ ಪರೀಕ್ಷೆಗೆ ಕೂರಬೇಕಾದವಳು. ಚೆನ್ನಾಗಿ ಓದ್ತಾಳೆ. ಯೋಚನೆ ಮಾಡಿ" ಎಂದರು. ನಾನು ನಕ್ಕೆ. ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಅಷ್ಟು ಚೆನ್ನಾಗಿ ನಾನು ಮತ್ತೆಂದೂ ನಗಲಿಲ್ಲ.

ಹೆಂಡತಿ ಗೌರಮ್ಮ ಮಾತ್ರ ನಗಲಿಲ್ಲ. "ಅಂಗ್ಡಿ ಯಾರು ನೋಡ್ಕತಾರೆ?" ಎಂದಳು.

"ಅಂಗಡಿಯ ಹಿಂದಿನ ಕೋಣೆಯೇ ಪಾಠಶಾಲೆ. ಒಂದು ಕಣ್ಣು ಗಿರಾಕಿ ಮೇಲೆ, ಒಂದು ಕಣ್ಣು ವಿದ್ಯಾರ್ಥಿ ಮೇಲೆ."

"ನಿಮ್ಗೆ ಇರೋದು ಎರಡೇ ಕಣ್ಣು. ಮಕ್ಕಳು ನಾಲ್ಕು" ಎಂದು ಅವಳು ಒಳಗೆ ಹೋದಳು.

ಅಂಗಡಿಯ ಹಿಂದಿನ ಕೋಣೆ ಎಂದರೆ ಅರಿಸಿನದ ಮೂಟೆ ಇಡುವ ಕೋಣೆ. ಮೂಟೆಗಳನ್ನು ಗೋಡೆಗೆ ಒತ್ತರಿಸಿ, ಚಾಪೆ ಹಾಸಿ, ಮಕ್ಕಳನ್ನು ವಯಸ್ಸಿಗೆ ತಕ್ಕಂತೆ ಸಾಲಾಗಿ ಕೂರಿಸಿದೆ. ಹದಿನಾಲ್ಕರ ಗಿರಿಜ, ಆಮೇಲೆ ಮಹದೇವ, ಆಮೇಲೆ ಎಂಟರ ಮಂಗಳ, ಕೊನೆಗೆ ಐದರ ಪುಟ್ಟು. ಬೆಳಗಿನ ಜಾವ ಬಾಯಿಪಾಠ, ಬಿಸಿಲೇರಿದ ಮೇಲೆ ವ್ಯಾಕರಣ, ನಡುಹೊತ್ತಿಗೆ ತರ್ಕ, ಸಂಜೆಗೆ ಛಂದಸ್ಸು ಎಂದು ಘೋಷಿಸಿದೆ.

"ಆಟ ಯಾವಾಗ?" ಎಂದ ಮಹದೇವ.

"ಪ್ರಾಚೀನರು ಆಡುತ್ತಿರಲಿಲ್ಲ" ಎಂದೆ.

ಪುಟ್ಟು ಅಳಲು ಶುರು ಮಾಡಿದ. ಹೀಗೆ ಗುರುಕುಲದ ಉದ್ಘಾಟನೆಯಾಯಿತು.

ಒಬ್ಬ ಗುರುವಿಗೆ ನಾಲ್ಕು ಬೇರೆ ಬೇರೆ ವಯಸ್ಸಿನ ಶಿಷ್ಯರಿದ್ದರೆ ಏನಾಗುತ್ತದೆ ಎಂಬುದನ್ನು ಪ್ರಾಚೀನರು ಎಲ್ಲಿಯೂ ಹೇಳಿದಂತಿಲ್ಲ. ಗಿರಿಜಳಿಗೆ ವಿಭಕ್ತಿ ಹೇಳಿಕೊಟ್ಟರೆ ಅದನ್ನು ಪುಟ್ಟು ಕಲಿಯುತ್ತಿದ್ದ. ಪುಟ್ಟುವಿಗೆ ಅಆಇಈ ಹೇಳಿಕೊಟ್ಟರೆ ಮಂಗಳ ತನ್ನ ಮಗ್ಗಿ ಮರೆಯುತ್ತಿದ್ದಳು. ಮಂಗಳಳ ಮಗ್ಗಿ ತಿದ್ದುವಷ್ಟರಲ್ಲಿ ಮಹದೇವ ಕಿಟಕಿಯಿಂದ ಹೊರಗೆ ಹಾರಿರುತ್ತಿದ್ದ. ಅವನನ್ನು ಹಿಡಿದು ತರುವಷ್ಟರಲ್ಲಿ ಗಿರಾಕಿಗಳು ಎದುರಂಗಡಿಗೆ ಹೋಗಿರುತ್ತಿದ್ದರು. ಒಬ್ಬರು ಬಂದು, "ಅರಿಸಿನ ಅದಾ ಯಜಮಾನ್ರೇ?" ಎಂದಾಗ ನಾನು, "ಯಾವ ವಿಭಕ್ತಿಯಲ್ಲಿ?" ಎಂದು ಕೇಳಿದೆನಂತೆ. ಅವರು ಮತ್ತೆ ಬರಲಿಲ್ಲ.

ಛಂದಸ್ಸು ಇನ್ನೊಂದು ಗೋಳು. ಅಕ್ಷರಗಳಿಗೆ ಗುರು, ಲಘು ಹಾಕುವುದನ್ನು ಕಲಿಸಿದ್ದೇ ತಡ, ಮಕ್ಕಳು ಕಿವಿಗೆ ಬಿದ್ದದ್ದಕ್ಕೆಲ್ಲ ಹಾಕತೊಡಗಿದರು. ಗೌರಮ್ಮ ಒಳಗಿನಿಂದ "ಊಟಕ್ಕೆ ಬನ್ನಿ" ಎಂದು ಕೂಗುವಳು. ಒಬ್ಬರೂ ಏಳುತ್ತಿರಲಿಲ್ಲ. "ಗುರು, ಗುರು, ಲಘು, ಗುರು, ಲಘು" ಎಂದು ಮಹದೇವ ತೊಡೆ ತಟ್ಟುವನು. "ಕ್ಕೆ ಯಾಕ್ಲಾ ಲಘು?" ಎಂದು ಮಂಗಳ ಜಗಳಕ್ಕೆ ನಿಲ್ಲುವಳು. ತೀರ್ಪು ಕೊಡಲು ನಾನು ಕೂರುವೆನು. ಮುದ್ದೆ ಕಲ್ಲಾಗುವುದು.

ತರ್ಕವನ್ನಂತೂ ಹೇಳಿಕೊಡಲೇಬಾರದಿತ್ತು. ಯಾವ ಮಾತನ್ನಾದರೂ ಪ್ರತಿಜ್ಞೆ, ಹೇತು, ದೃಷ್ಟಾಂತ ಕೊಟ್ಟು ಸಾಧಿಸಬೇಕೆಂದು ಮಹದೇವನಿಗೆ ಕಲಿಸಿದೆ. ಮಾರನೆಯ ದಿನ ಗಿರಿಜ, "ಅಪ್ಪಾಜಿ, ರಾಮ ಆಯ್ತು, ಹರಿ ಆಯ್ತು. ಗೋ ಶಬ್ದ ಹೆಂಗೆ ನಡೀತದೆ?" ಎಂದು ಕೇಳಿದಳು. ಗೋ ಎಂದರೆ ಹಸು. ನಮ್ಮ ಪಾಠಶಾಲೆಯಲ್ಲಿ ಹಸುವಿನ ತನಕ ಹೋಗಿಯೇ ಇರಲಿಲ್ಲವಲ್ಲ! ನಾನು ಮೂಗು ಕೆರೆದುಕೊಂಡೆ.

ಮಹದೇವ ಎದ್ದು ನಿಂತ. "ಅಪ್ಪಾಜಿಗೆ ಇದು ಗೊತ್ತಿಲ್ಲ. ಇದು ಪ್ರತಿಜ್ಞೆ. ಯಾಕಂದ್ರೆ ಮೂಗು ಕೆರ್ಕತಾವ್ರೆ. ಇದು ಹೇತು. ನೆನ್ನೆ ಮಂಗಳ ಏನೋ ಕೇಳ್ದಾಗ್ಲೂ ಇಂಗೇ ಕೆರ್ಕಂಡಿದ್ರು. ಇದು ದೃಷ್ಟಾಂತ."

ಇಡೀ ಗುರುಕುಲದಲ್ಲಿ ತಪ್ಪಿಲ್ಲದೆ ಒಪ್ಪಿಸಿದ ಪಾಠ ಅದೊಂದೇ. ಗುರುವಿನ ಮರ್ಯಾದೆ ಉಳಿಯಬೇಕಲ್ಲ? ಕಣ್ಣು ಮುಚ್ಚಿ, ಗಂಭೀರವಾಗಿ, "ಗೋಃ, ಗೋವೌ, ಗೋವಾಃ" ಎಂದುಬಿಟ್ಟೆ. ಕೇಳಲು ಚೆನ್ನಾಗಿಯೇ ಇತ್ತು! ಗಿರಿಜ ಒಂದು ಕ್ಷಣ ನನ್ನ ಮುಖ ನೋಡಿ, ತಲೆ ತಗ್ಗಿಸಿ ಬರೆದುಕೊಂಡಳು. ಪುಟ್ಟು ಅದನ್ನು ಹಾಡು ಮಾಡಿಕೊಂಡು ಬೀದಿಗೆ ಓಡಿದ.

ಬೀದಿಗೆ ಹೋದದ್ದು ಹಾಡು ಮಾತ್ರವಲ್ಲ. ಮೂಟೆಗಳ ನಡುವೆ ಕುಳಿತೂ ಕುಳಿತೂ ನಮ್ಮ ಮುಖ, ಕೈ, ಬಟ್ಟೆ ಎಲ್ಲ ಹಳದಿಯಾಗಿದ್ದವು. ಸೋಪು ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ನೀರಿಗೆ ಹೋದ ಗಿರಿಜಳನ್ನು ನೋಡಿ ಹೆಂಗಸರು ಗುಸುಗುಸು ಎಂದರು. ಹುಡುಗಿ ಸ್ಕೂಲು ಬಿಟ್ಟಿದ್ದಾಳೆ, ಮೈಗೆಲ್ಲ ಅರಿಸಿನ ಹಚ್ಚಿದ್ದಾರೆ. ಇನ್ನೇನು ಬೇಕು? ಸುದ್ದಿ ಸಂತೆಯ ಗಾಡಿ ಹತ್ತಿ ನನ್ನ ಹೆಂಡತಿಯ ತವರು ಭೀಮನಬೀಡಿಗೆ ಹೋಯಿತು.

ಅಲ್ಲಿಂದ ಅವಳ ಅಣ್ಣ ಬಸಪ್ಪ ಬಂದರು. ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು.

"ಒಳ್ಳೇ ಕೆಲ್ಸ ಮಾಡುದ್ರಿ ಭಾವ! ಎಣ್ಮಗೂನ ಇಸ್ಕೂಲ್ ಬುಡ್ಸು ಅಂತ ನಾನು ಎಷ್ಟ್ ದಪ ಏಳಿದ್ದೆ. ಈಗ ಬುದ್ಧಿ ಬಂತು. ಚಂದಕವಾಡೀಲಿ ಒಂದ್ ಗಂಡು ನೋಡಿವ್ನಿ. ಜಮೀನು ಅದೆ, ಎತ್ತಿನ ಜೋಡಿ ಅದೆ. ಬರೋ ಭಾನುವಾರ ಕರ್ಕಂಡ್ ಬತ್ತೀನಿ."

ಬಾಗಿಲ ಹಿಂದೆ ಗಿರಿಜ ನಿಂತಿದ್ದಳು. ಹೈಸ್ಕೂಲು ಓದಿ ಮೇಷ್ಟ್ರಮ್ಮ ಆಗಬೇಕೆಂದು ತನ್ನ ತಾಯಿಗೆ ಹೇಳಿದ್ದ ಹುಡುಗಿ. ಕೈಯಲ್ಲಿದ್ದ ಪಾಠದ ಪುಸ್ತಕವನ್ನು ಮೆಲ್ಲಗೆ ಮುಚ್ಚಿದಳು. ಅದನ್ನು ನನಗೆ ತಡೆಯಲಾಗಲಿಲ್ಲ.

"ಓದು ಬಿಡಿಸಿಲ್ಲ ಭಾವ! ಸ್ಕೂಲಿಗಿಂತ ಎತ್ತರದ ಓದು ಓದಿಸುತ್ತಿದ್ದೇನೆ!" ಎಂದೆ.

"ಅಂಗಂತ ಯಾರು ಏಳ್ತಾರೆ?"

"ಚಾಮರಾಜನಗರದ ಪಂಡಿತರು ಹೇಳುತ್ತಾರೆ. ನಿಮ್ಮೆದುರಿಗೇ ಪರೀಕ್ಷೆ ಮಾಡಿಸುತ್ತೇನೆ, ಬನ್ನಿ!"

ಈ ಮಾತನ್ನು ಆಡಿದವನು ನಾನೇ. ಯಾರೂ ನನ್ನ ಕುತ್ತಿಗೆಗೆ ಚಾಕು ಹಿಡಿದಿರಲಿಲ್ಲ.

ಮರುದಿನವೇ ಭಾವನನ್ನೂ ನಾಲ್ಕು ಹಳದಿ ಮಕ್ಕಳನ್ನೂ ಕರೆದುಕೊಂಡು ಬಸ್ಸು ಹತ್ತಿದೆ. ತೆರಕಣಾಂಬಿ ಬರುವಷ್ಟರಲ್ಲಿ ಪುಟ್ಟು ವಾಂತಿ ಮಾಡಿದ. ಎಲ್ಲಿ ಎಂದರೆ, ಭಾವನ ಹೊಸ ಪಂಚೆಯ ಮೇಲೆ. ಕಂಡಕ್ಟರು ನಮ್ಮ ಮುಖಗಳನ್ನು ನೋಡಿ, "ಮನೇವ್ರಿಗೆಲ್ಲ ಕಾಮಾಲೆಯಾ ಸ್ವಾಮಿ?" ಎಂದು ಪಾಪ ಕಾಳಜಿಯಿಂದ ವಿಚಾರಿಸಿದ. ಅಕ್ಕಪಕ್ಕದವರು ಎದ್ದು ಹಿಂದಕ್ಕೆ ಹೋದರು. ನಮಗೆ ಆರಾಮವಾಗಿ ಜಾಗ ಸಿಕ್ಕಿತು. ಆ ಪ್ರಯಾಣದ ಲಾಭ ಅಷ್ಟೇ.

ಪಂಡಿತರು ಸಂತೋಷದಿಂದ ಬರಮಾಡಿಕೊಂಡರು. ಜಗುಲಿಯ ಮೇಲೆ ಮಕ್ಕಳನ್ನು ಕೂರಿಸಿ, ಗಿರಿಜಳನ್ನು ಪ್ರೀತಿಯಿಂದ ಕೇಳಿದರು. "ಮಗು, ಎಲ್ಲಿ, ಗೋ ಶಬ್ದ ಹೇಳು ನೋಡೋಣ."

ಸಂಸ್ಕೃತದಲ್ಲಿ ಎಷ್ಟು ಶಬ್ದಗಳಿವೆ! ಮರ ಇದೆ, ನದಿ ಇದೆ, ಆನೆ ಇದೆ. ಅವರಿಗೆ ಹಸುವೇ ಬೇಕಾಯಿತು.

ಗಿರಿಜ ನನ್ನ ಕಡೆ ನೋಡಿದಳು. ನಾನು ಮೂಗು ಕೆರೆದುಕೊಂಡೆ. ಅವಳು ತುಟಿ ಬಿಗಿದು ಕುಳಿತಳು. ಪಂಡಿತರು ಮತ್ತೆ ಕೇಳಿದರು. ಅಕ್ಕನಿಗೆ ಬರುವುದಿಲ್ಲವೇನೋ ಎಂದು ಪುಟ್ಟುವಿಗೆ ಕನಿಕರವಾಗಿರಬೇಕು. ಎದ್ದು ನಿಂತು, ಕೈ ಕಟ್ಟಿ, ಬೀದಿಗೆಲ್ಲ ಕೇಳುವಂತೆ ಹಾಡಿದ. "ಗೋಃ! ಗೋವೌ! ಗೋವಾಃ!"

ಪಂಡಿತರು ಕಿವಿಯ ಮೇಲೆ ಕೈ ಇಟ್ಟುಕೊಂಡರು. "ಗೌಃ, ಗಾವೌ, ಗಾವಃ ಅಲ್ಲವೇನಪ್ಪ? ಇದು ಯಾರ ಕೊಟ್ಟಿಗೆಯ ಹಸು?"

"ನಮ್ಮಪ್ಪಾಜೀದು!" ಎಂದ ಪುಟ್ಟು, ಹೆಮ್ಮೆಯಿಂದ.

ಒಳಗಿನಿಂದ ಹಾಲುಹಲ್ಲು ಬಿದ್ದ ಮೊಮ್ಮಗ ಕಿಲಕಿಲನೆ ನಕ್ಕ. ಪಂಡಿತರು ನಗಲಿಲ್ಲ. ಸಾವಧಾನವಾಗಿ ನನ್ನನ್ನು ಪಕ್ಕಕ್ಕೆ ಕರೆದು, "ನಿಮ್ಮ ಉತ್ಸಾಹ ದೊಡ್ಡದು. ಆದರೆ ಹೆಣ್ಣುಮಗು ಚುರುಕಾಗಿದೆ. ದಯವಿಟ್ಟು ಸ್ಕೂಲಿಗೆ ಕಳಿಸಿ" ಎಂದರು. ಭಾವನಿಗೆ ಸಂಸ್ಕೃತ ಬರುತ್ತಿರಲಿಲ್ಲ. ಆದರೆ ನನ್ನ ಮುಖ ಓದಲು ಅದು ಬೇಕಿರಲಿಲ್ಲ.

"ಆಯ್ತಲ್ಲ ಭಾವ. ಭಾನುವಾರ ಬರಬೋದಲ್ಲ?" ಎಂದರು ಬಸ್ ಸ್ಟ್ಯಾಂಡಿನಲ್ಲಿ.

ಆಗ ಗಿರಿಜ ಬಾಯಿ ಬಿಟ್ಟಳು. "ಮಾವ, ನಾನು ಪರೀಕ್ಷೆ ಕಟ್ಬೇಕು. ಅಪ್ಪಾಜಿ, ನನ್ನ ಇಸ್ಕೂಲ್ಗೆ ಕಳ್ಸಿ." ಅಷ್ಟೇ. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಿ ದೊಡ್ಡವನಾಗಬಹುದಿತ್ತು. ನಾನು ಊರು ಮುಟ್ಟುವ ತನಕ ಕಿಟಕಿಯ ಹೊರಗೆ ನೋಡುತ್ತಾ ಕುಳಿತೆ.

ಮನೆಯಲ್ಲಿ ಗೌರಮ್ಮ ಎಲ್ಲವನ್ನೂ ಕೇಳಿಸಿಕೊಂಡು ಅಣ್ಣನ ಕಡೆ ತಿರುಗಿದಳು. "ಅಣ್ಣಯ್ಯ, ಆ ಗಂಡಿಗೆ ಬ್ಯಾರೆ ಎಣ್ಣು ನೋಡು. ನನ್ ಮಗ್ಳು ಓದ್ತಾಳೆ." ಆಮೇಲೆ ನನ್ನ ಕಡೆ ತಿರುಗಿದಳು. "ನೀವು ಅರಿಸಿನ ಮಾರಿ."

ಹೆಡ್ ಮಾಸ್ತರ ಮುಂದೆ ನಾಲ್ವರನ್ನೂ ಕರೆದುಕೊಂಡು ಹೋಗಿ ನಿಂತೆ. ಗಿರಿಜಳ ಕಡೆ ನೋಡಿ ಅವರು ತಲೆಯಾಡಿಸಿದರು. ಪರೀಕ್ಷೆಗೆ ಕೂರುವವರ ಹೆಸರುಗಳು ಆಗಲೇ ಮೈಸೂರಿಗೆ ಹೋಗಿದ್ದವು. "ತಡ ಮಾಡಿಬಿಟ್ರಿ. ಇನ್ನು ಬರುವ ವರ್ಷವೇ" ಎಂದರು.

ಹುಡುಗಿಯ ಒಂದು ವರ್ಷ ಹೋಯಿತು. ಕಳ್ಳರು ಹೊತ್ತುಕೊಂಡು ಹೋಗಲಿಲ್ಲ, ಜ್ವರ ತಿನ್ನಲಿಲ್ಲ. ನಾನು, ಅವಳ ಹೆತ್ತಪ್ಪ, ವಿಭಕ್ತಿಪೂರ್ವಕವಾಗಿ ಅದನ್ನು ಹಾಳುಮಾಡಿದ್ದೆ. ನಿಂತಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಸ್ಕೂಲಿನ ನೆಲ ಗಾರೆಯದು. ಬಿಡಲಿಲ್ಲ.

ಯಾರು ಯಾವ ತರಗತಿಗೆ ಎಂದು ಗೊತ್ತುಮಾಡಲು ಮಾಸ್ತರು ಮಕ್ಕಳಿಗೆ ಒಂದೊಂದು ಪ್ರಶ್ನೆ ಕೇಳಿದರು. ಮಹದೇವ ಭಾಗಾಕಾರ ಮರೆತಿದ್ದ, ಮಂಗಳ ಮಗ್ಗಿಯಲ್ಲಿ ಎಡವಿದಳು. ಆದರೂ ಮೊದಲಿನ ತರಗತಿಗಳಿಗೇ ಸೇರಿಸಿಕೊಳ್ಳಲು ಒಪ್ಪಿದರು. ಆಮೇಲೆ ಕನ್ನಡಕ ತೆಗೆದು ಗಿರಿಜಳನ್ನು ಕೇಳಿದರು.

"ಇಷ್ಟು ದಿನ ಮನೇಲಿ ಪಾಠ ಹೇಳಿದ್ದು ಯಾರಮ್ಮ?"

ನಾನು ಕಣ್ಣು ಮುಚ್ಚಿಕೊಂಡೆ. ಮಹದೇವ ಬಾಯಿ ತೆರೆಯುವಷ್ಟರಲ್ಲಿ ಗಿರಿಜ ಅವನ ಕೈ ಒತ್ತಿದಳು.

"ಯಾರೂ ಇಲ್ಲ ಸಾರ್. ನಾವು ಸುಮ್ನೆ ಮನೇಲಿ ಆಡ್ಕೊಂಡಿದ್ವು."

ಮಾಸ್ತರು ಸಮಾಧಾನದ ಉಸಿರು ಬಿಟ್ಟರು. "ಸದ್ಯ! ಅದಕ್ಕೇ ಇಷ್ಟಾದರೂ ನೆನಪಿದೆ."

ನಾನು ಕೈ ಮುಗಿದೆ. ನನ್ನ ಬೋಧನಾ ವೃತ್ತಿಗೆ ಸಿಕ್ಕ ಒಂದೇ ಒಂದು ಪ್ರಶಂಸೆ ಅದು. ಬೋಧನೆ ನಡೆದೇ ಇಲ್ಲ ಎಂಬ ಕಾರಣಕ್ಕೆ ಸಿಕ್ಕಿದ್ದು!