ಚುಕ್ಕೆ ಇಟ್ಟ ನೆಂಟರು

"ಅಕ್ಕಾ, ಕಣ್ಣು ಮಿಟುಕಿಸಬೇಡಿ! ಮಿಟುಕಿಸಿದ್ರೆ ತಪ್ಪಿಹೋಗುತ್ತೆ!"

ಪಕ್ಕದ ಮನೆಯ ತಿಮ್ಮರಾಜು ಕಂಪ್ಯೂಟರಿನಲ್ಲಿ ಒಂದು ಚುಕ್ಕೆ ಇಟ್ಟು 'ತಟ್ಟೆ' ಎಂದು ಬರೆದ. ಅದರ ಕೆಳಗೆ ಇನ್ನೊಂದು ಚುಕ್ಕೆ ಇಟ್ಟು 'ಲೋಟ' ಎಂದ. ಲೋಟದ ಸಾಲನ್ನು ಬಲಕ್ಕೆ ಸರಿಸಿದ್ದೇ ತಡ, ಮೇಜಿನ ಮೇಲಿದ್ದ ನಿಜವಾದ ಲೋಟ ಕಾಫಿ ಸಮೇತ ಬಲಕ್ಕೆ ಜರುಗಿತು! ವರಲಕ್ಷ್ಮಮ್ಮ ಹೌಹಾರಿದರು.

"ಪರದೆ ಮೇಲೆ ಪಟ್ಟಿ ಹೇಗಿರುತ್ತೋ ಮನೇಲಿ ಸಾಮಾನೂ ಹಾಗೇ! ಹೇಗಿದೆ ನನ್ನ ಪ್ರೋಗ್ರಾಮು?"

"ನಿನ್ನೆ ನನ್ನ ಮಿಕ್ಸಿ ಹೋಗಿ ಬಚ್ಚಲಲ್ಲಿ ಕೂತಿತ್ತು," ಎಂದಳು ಅವನ ಹೆಂಡತಿ ಪ್ರಭಾವತಿ.

ವರಲಕ್ಷ್ಮಮ್ಮ ಬಂದಿದ್ದು ಮಗಳು ಸುಚೇತಾಳ ಲಗ್ನಪತ್ರಿಕೆ ಟೈಪು ಮಾಡಿಸಲು. ಗಂಡ ತೀರಿಕೊಂಡ ಮೇಲೆ ಧಾರೆ ಎರೆಯಲು ಇದ್ದವರು ಭಾವ ಹನುಮಂತರಾಯಪ್ಪ, ಇಲ್ಲವೇ ಮೈದುನ ರಂಗಶಾಮಯ್ಯ. ಕಾಂಪೌಂಡ್ ಗೋಡೆಯ ಜಗಳವಾದಾಗಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ. 'ಸುಖಾಗಮನ ಬಯಸುವವರು' ಎಂಬಲ್ಲಿ ತನ್ನ ಹೆಸರು ಮೊದಲು ಬರದಿದ್ದರೆ ಛತ್ರದ ಮೆಟ್ಟಿಲೂ ಹತ್ತುವುದಿಲ್ಲವೆಂದು ಇಬ್ಬರೂ ಶಪಥ ಮಾಡಿದ್ದರು. ತಂದೆಯಿಲ್ಲದ ಹುಡುಗಿಯ ಕೈ ಹಿಡಿದುಕೊಡಲು ಮನೆಯವರೇ ಬರದಿದ್ದರೆ ಹೇಗೆ ಎಂಬ ಚಿಂತೆಯಲ್ಲಿ ವರಲಕ್ಷ್ಮಮ್ಮನಿಗೆ ಅನ್ನ ಸೇರುತ್ತಿರಲಿಲ್ಲ.

ಅಷ್ಟರಲ್ಲಿ ತಂತಮ್ಮ ಹೆಸರು ಎಲ್ಲಿ ಬರುತ್ತದೆಂದು ನೋಡಲು ಇಬ್ಬರೂ ಬಂದು ಒಂದೊಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ತಿಮ್ಮರಾಜು ಉತ್ಸಾಹದಲ್ಲಿ ಅದೇ ಪ್ರೋಗ್ರಾಮಿನಲ್ಲಿ ಪತ್ರಿಕೆ ಟೈಪು ಮಾಡತೊಡಗಿದ. ಅದನ್ನು ಮುಚ್ಚಬೇಕೆಂಬುದು ಅವನಿಗೆ ಹೊಳೆಯಲೇ ಇಲ್ಲ!

ಮೊದಲ ಚುಕ್ಕೆಗೆ ಹನುಮಂತರಾಯಪ್ಪ. ಅದರಡಿಯಲ್ಲಿ, ತುಸು ಬಲಕ್ಕೆ, ರಂಗಶಾಮಯ್ಯ. ರಂಗಶಾಮಯ್ಯನ ಕುರ್ಚಿ ಕರಕರ ಎನ್ನುತ್ತಾ ಬಾಗಿಲ ಕಡೆ ಹೊರಟಿತು.

"ಅತ್ತಿಗೆ! ನನ್ನನ್ನ ಆಚೆಗೆ ಹಾಕ್ತಿದ್ದೀರಾ?"

"ಅಯ್ಯೋ, ನಾನಲ್ಲಪ್ಪ! ರಾಜು, ಏನೋ ಇದು?"

ತಿಮ್ಮರಾಜು ಗಾಬರಿಯಿಂದ ಹೆಸರುಗಳನ್ನು ಅದಲುಬದಲು ಮಾಡಿದ. ಈಗ ಹನುಮಂತರಾಯಪ್ಪ ಕುರ್ಚಿ ಸಮೇತ ಅಡುಗೆಮನೆ ಹೊಕ್ಕರು!

"ನಿವೃತ್ತ ಹೆಡ್‌ಮಾಸ್ಟರು ಅಂತ ಸೇರಿಸಯ್ಯಾ! ಸಂಘದ ಮಾಜಿ ಅಧ್ಯಕ್ಷ ಅಂತ್ಲೂ ಹಾಕು! ಆಗ ಯಾರು ದೊಡ್ಡೋರು ಗೊತ್ತಾಗುತ್ತೆ!" ಎಂದು ಅವರು ಒಳಗಿನಿಂದಲೇ ಗುಡುಗಿದರು.

ಸೇರಿಸಿದ. ಸಾಲು ಪರದೆಯಲ್ಲಿ ಹಿಡಿಸದೆ ಮಡಿಸಿಕೊಂಡು ಕೆಳಗಿಳಿಯಿತು. ಹನುಮಂತರಾಯಪ್ಪನವರೂ ಸೊಂಟದಲ್ಲಿ ಮಡಿಸಿಕೊಂಡರು. ಒಬ್ಬೊಬ್ಬರ ಎಡಗಡೆಯೂ ಗಾಳಿಯಲ್ಲಿ ಉದ್ದಿನವಡೆ ಗಾತ್ರದ ಕಪ್ಪು ಚುಕ್ಕೆ ತೇಲತೊಡಗಿತು! ಪ್ರಭಾವತಿ ಪೊರಕೆ ತಂದು ಹೊಡೆದರೂ ಅದು ಅಲುಗಲಿಲ್ಲ.

"ಎಲ್ಲಾ ಅಳಿಸಿಬಿಡ್ತೀನಿ ತಾಳಿ!" ಎಂದು ತಿಮ್ಮರಾಜು ಏನೋ ಒತ್ತಿದ.

ಹೆಸರು ಅಳಿಯಲಿಲ್ಲ. ಚುಕ್ಕೆಗಳೂ ನಡುವಿನ ಜಾಗಗಳೂ ಮಾತ್ರ ಅಳಿದು ಹೆಸರುಗಳೆಲ್ಲ ಒಂದೇ ಸಾಲಿಗೆ ಬಂದವು. ಅಣ್ಣ ಅಡುಗೆಮನೆಯಿಂದಲೂ ತಮ್ಮ ಬಾಗಿಲಿಂದಲೂ ರಭಸದಿಂದ ಬಂದು, ಎದೆಗೆ ಎದೆ ಅಂಟಿ ನಿಂತರು! ಎಳೆದರೂ ಬಿಡಿಸಲಾಗಲಿಲ್ಲ.

ವರಲಕ್ಷ್ಮಮ್ಮ ಮದುವೆಯೇ ಮುರಿಯಿತೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಸ್ವಲ್ಪ ಹೊತ್ತು ಬುಸುಗುಟ್ಟಿದ ಹನುಮಂತರಾಯಪ್ಪ ಇದ್ದಕ್ಕಿದ್ದಂತೆ, "ಲೋ ರಂಗ, ಮೂಳೆ ಚುಚ್ತಾ ಇದೆಯಲ್ಲೋ! ಯಾಕೋ ಇಷ್ಟು ಸೊರಗಿದ್ದೀಯಾ?" ಎಂದರು.

"ಸಕ್ಕರೆ ಕಾಯಿಲೆ, ಅಣ್ಣ."

"ನನಗ್ಯಾಕೋ ಹೇಳಲಿಲ್ಲ?"

"ನೀನು ಮಾತಾಡಿಸಿದ್ರೆ ತಾನೇ!"

ಹನುಮಂತರಾಯಪ್ಪ ಮುಖ ಆಚೆ ತಿರುಗಿಸಲು ನೋಡಿದರು. ಅದಕ್ಕೂ ಜಾಗವಿರಲಿಲ್ಲ. ತಮ್ಮನ ಹೆಗಲ ಮೇಲೇ ಮೂಗು ಒರೆಸಿಕೊಂಡು, "ನಾಳೆ ಡಾಕ್ಟರ ಹತ್ರ ನಾನೇ ಕರಕೊಂಡು ಹೋಗ್ತೀನಿ. ಮಗೂಗೆ ಧಾರೆ ನಾನೂ ನನ್ನ ಹೆಂಡ್ತೀನೂ ಎರೀತೀವಿ, ಪಕ್ಕದಲ್ಲಿ ನೀನಿರಬೇಕು. ಗೊತ್ತಾಯ್ತಾ?" ಎಂದರು.

"ಆಯ್ತು ಬಿಡಣ್ಣ," ಎಂದ ರಂಗಶಾಮಯ್ಯ.

ಪ್ರಭಾವತಿ ಪ್ಲಗ್ಗು ಕಿತ್ತಳು. ಇಬ್ಬರೂ ಬೇರೆಯಾದರು, ಆದರೆ ಪಕ್ಕಪಕ್ಕದಲ್ಲೇ ಕೂತರು. ಪ್ರೋಗ್ರಾಮು ಮಾತ್ರ ಆಮೇಲೆ ಏನು ಮಾಡಿದರೂ ಹೊಸ ಸಾಲಿಗೆ ಇಳಿಯಲೇ ಇಲ್ಲ. ಲಗ್ನಪತ್ರಿಕೆ ಒಂದೇ ಸಾಲಿನಲ್ಲಿ ಅಚ್ಚಾಗಿ ಸೀರೆಯಷ್ಟು ಉದ್ದವಾಯಿತು! ನೆಂಟರು ಅದನ್ನು ವರಾಂಡದ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಓದಬೇಕಾಯಿತು.

ವರಲಕ್ಷ್ಮಮ್ಮನಿಗೆ ಅದೊಂದು ಕೊರತೆ ಎನಿಸಲಿಲ್ಲ. ಹೋಳಿಗೆ ಡಬ್ಬಿ ಹಿಡಿದು ಬಂದು, ಕಣ್ತುಂಬಿಕೊಂಡು, "ರಾಜು, ನನ್ನ ಮನೆ ಒಂದು ಮಾಡಿದೆಯಪ್ಪಾ. ನಿನ್ನ ಉಪಕಾರ ಸಾಯೋವರೆಗೂ ಮರೆಯಲ್ಲ. ಇನ್ನೂ ಅಚ್ಚಾಗಬೇಕಾದ ಪತ್ರಿಕೆಗಳಲ್ಲಿ ಸುಖಾಗಮನ ಬಯಸುವವರ ಜೊತೆ ನಿನ್ನ ಹೆಸರೂ ಹಾಕಿಸಿಬಿಡ್ತೀನಿ!" ಎಂದರು.

ತಿಮ್ಮರಾಜು ಹಿಗ್ಗಿ, ಬಾಯಲ್ಲಿದ್ದ ಹೋಳಿಗೆ ನುಂಗಿ, ಮೆಲ್ಲಗೆ ಕೇಳಿದ:

"ಎಷ್ಟನೇದಾಗಿ, ಅಕ್ಕಾ?"