ದ್ರಾಕ್ಷಿ ಚಪ್ಪರಕ್ಕೆ ನೆಲ ಹಾಸಿದ್ದು

ನನಗೊಂದು ಚಾಳಿ ಇದೆ. ಮನೆಯಲ್ಲಿ ಏನೇ ಕೆಲಸ ಹಿಡಿಯಲಿ, ಊರವರನ್ನೆಲ್ಲ ಒಂದು ಮಾತು ಕೇಳದೆ ಕೈ ಹಾಕುವವನಲ್ಲ. ಇದನ್ನು ನಾನು ವಿನಯ ಎಂದುಕೊಂಡಿದ್ದೇನೆ. ನನ್ನ ಹೆಂಡತಿ ಜಯಮ್ಮ ಇದಕ್ಕೆ ಬೇರೆ ಹೆಸರಿಟ್ಟಿದ್ದಾಳೆ, ಅದನ್ನಿಲ್ಲಿ ಬರೆಯುವುದು ಬೇಡ. ಹೊಸೂರಿನಲ್ಲಿ ಸ್ಕೂಲು ಮೇಷ್ಟರಾದ ನಾನು ದಿನವಿಡೀ ಮಕ್ಕಳಿಗೆ ಉತ್ತರ ಹೇಳುವವನು. ಬೆಲ್ಲು ಹೊಡೆದ ಮೇಲಾದರೂ ಪ್ರಶ್ನೆ ಕೇಳುವ ಸರದಿ ನನ್ನದಾಗಬೇಡವೆ? ಒಮ್ಮೆ ಕೊಡೆ ರಿಪೇರಿಗೆ ಐದು ಜನರ ಅಭಿಪ್ರಾಯ ಪಡೆಯುವಷ್ಟರಲ್ಲಿ ಮಳೆಗಾಲವೇ ಮುಗಿದುಹೋಗಿತ್ತು.

ಮಹಾಯುದ್ಧ ನಡೆಯುತ್ತಿದ್ದ ದಿನಗಳಲ್ಲಿ ನಮ್ಮ ಹಿತ್ತಿಲ ದ್ರಾಕ್ಷಿ ಚಪ್ಪರ ಕುಸಿದು ಬಿತ್ತು. ಯುದ್ಧಕ್ಕೂ ಅದಕ್ಕೂ ಸಂಬಂಧವಿಲ್ಲ, ಗೆದ್ದಲಿನ ಕೆಲಸ. ನಮ್ಮಪ್ಪ ಬದುಕಿದ್ದಾಗ ಸರ್ವೆ ಮರದ ಗಳು ನಿಲ್ಲಿಸಿ, ಮೇಲೆ ಬಿದಿರು ಕಟ್ಟಿ ಹಬ್ಬಿಸಿದ್ದ ಬಳ್ಳಿ ಅದು. ಹಣ್ಣೇನೋ ಕಪ್ಪಗೆ ಗೊಂಚಲು ಗೊಂಚಲಾಗಿ ಬಿಡುತ್ತಿತ್ತು, ಆದರೆ ಬಾಯಿಗೆ ಹಾಕಿಕೊಂಡವರ ಮುಖ ತಾನಾಗಿ ಕಿವುಚಿಕೊಳ್ಳುತ್ತಿತ್ತು. ಹಣ್ಣಿನ ಆಸೆಗಾದರೆ ಅದನ್ನು ಮತ್ತೆ ಎತ್ತಿ ನಿಲ್ಲಿಸುತ್ತಿರಲಿಲ್ಲ. ಅವ್ವನಿಗಾಗಿ ನಿಲ್ಲಿಸಬೇಕಾಯಿತು.

ಅವ್ವನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬೆಳಕು ಯಾವುದು ಕತ್ತಲೆ ಯಾವುದು ಎಂದು ತಿಳಿಯುತ್ತಿತ್ತು, ಅಷ್ಟೆ. ಬೀದಿಗಿಳಿಯಬೇಕಾದರೆ ಯಾರಾದರೂ ಕೈ ಹಿಡಿಯಬೇಕು. ಹಿತ್ತಿಲಿಗೆ ಮಾತ್ರ ಯಾರೂ ಬೇಡ. ಅಡಿಗೆಮನೆ ಬಾಗಿಲು ದಾಟಿ ಚಪ್ಪರದ ಕೆಳಗೆ ಹೋಗಿ ಕೂರುವಳು, ಅವರೆಕಾಯಿ ಸುಲಿಯುವಳು, ಆಚೆ ಬಾವಿಯ ಪಕ್ಕದ ತೊಟ್ಟಿಯಲ್ಲಿ ಕೈಕಾಲು ತೊಳೆದು ತಾನೇ ಒಳಗೆ ಬರುವಳು. ನಾನು ಕೈ ಹಿಡಿಯಲು ಹೋದರೆ, "ಬಿಡ್ಲಾ ಕೈಯ. ನನ್ನ ಹಿತ್ಲಾಗೆ ನಂಗೇ ದಾರಿ ತೋರ್ಸಕ್ಕೆ ಬತ್ತೀಯ?" ಎಂದು ರೇಗುವಳು. ಬಾವಿಯ ಕಟ್ಟೆಯೋ ಮೊಣಕಾಲೆತ್ತರ. ಪಾಠ ಹೇಳುತ್ತಿರುವಾಗ ಆ ಕಟ್ಟೆ ನೆನಪಾದರೆ ಯಾವ ಸಾಲಿನಲ್ಲಿದ್ದೇನೆಂಬುದೇ ಮರೆತುಹೋಗುತ್ತಿತ್ತು.

ಚಪ್ಪರದ ಕೆಳಗಿನ ಹಳೆಯ ನೆಲಕ್ಕೆ ಒಂದು ಹದವಿರಲಿಲ್ಲ. ಬಾಗಿಲ ಬಳಿ ಸಗಣಿ ಸಾರಿಸಿದ ಮಣ್ಣು, ನಡುವೆ ಉಬ್ಬಿಕೊಂಡ ಬಳ್ಳಿಯ ಬೇರು, ಬಾವಿಯ ಸುತ್ತ ಗರುಸು ಕಲ್ಲು. ಅವ್ವ ಎಡವಿ ಬಿದ್ದರೆ ಗತಿಯೇನು? ಚಪ್ಪರದ ಜೊತೆಗೆ ನೆಲವನ್ನೂ ಹೊಸದಾಗಿ ಹಾಸಿಬಿಡಬೇಕು ಎಂದು ತೀರ್ಮಾನಿಸಿ, ಅಭ್ಯಾಸದಂತೆ ಊರನ್ನು ಕೇಳತೊಡಗಿದೆ. ನಮ್ಮ ಡ್ರಿಲ್ ಮೇಷ್ಟರು ಸಿಮೆಂಟಾಗಬೇಕು ಎಂದರು. ಸಿಮೆಂಟೆಲ್ಲ ಯುದ್ಧಕ್ಕೆ ಹೋಗಿ, ಹೊಸೂರಿನಲ್ಲಿ ಅದರ ಹೆಸರು ಮಾತ್ರ ಉಳಿದಿತ್ತು. ಪಕ್ಕದ ಮನೆಯ ತಮಿಳು ಗುಮಾಸ್ತರು ಇಟ್ಟಿಗೆಯ ಗುಣಗಾನ ಮಾಡಿದರು, ಆದರೆ ಅವರ ಇಟ್ಟಿಗೆ ಅಂಗಳದ ಪಾಚಿಯಲ್ಲಿ ನಾನೇ ಒಂದು ಸಲ ಜಾರಿದ್ದೆ. ಜಯಮ್ಮ, "ಮಣ್ಣು ಮೆತ್ತಿ ಸಗಣಿ ಸಾರ್ಸಿದ್ರೆ ಆಯ್ತು ಬಿಡಿ. ಇಷ್ಟು ವರ್ಷ ಅದಕ್ಕೇನಾಗಿತ್ತು?" ಎಂದಳು. ಮನೆಯವರ ಸಲಹೆ ಸಲಹೆಯೆ? ಕೊನೆಗೆ ಕಲ್ಲುಕೆಲಸದ ಮುನಿವೆಂಕಟಪ್ಪ ಬಂದು, "ಉದ್ದನಪಲ್ಲಿ ಬಂಡೆಯಾಗೆ ಚಪ್ಪಡಿ ಎಬ್ಬಿಸ್ಕೊಂಡು ಬತ್ತೀನಿ ಮೇಷ್ಟ್ರೆ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಕಿಲ್ಲ" ಎಂದ. ನಾನು ಸೋತೆ.

ಮರದ ಗಳುಗಳ ಬದಲು ಕಲ್ಲುಕಂಬ ನಿಂತವು. ದಾರ ಹಿಡಿದು, ಗುರುತು ಹಾಕಿ, ಅಂಕುಡೊಂಕಾಗಿದ್ದ ಹಳೆಯ ಸಾಲನ್ನು ನಾನೇ ಸರಿಸಿ ನೇರ ಮಾಡಿಸಿದೆ. ಬೇರಿನ ಉಬ್ಬನ್ನು ಮಣ್ಣಿನಲ್ಲಿ ಮುಚ್ಚಿ, ಗರುಸು ಬಾಚಿ ಬೀದಿಗೆ ಚೆಲ್ಲಿ, ಅಡಿಗೆಮನೆ ಹೊಸ್ತಿಲಿನಿಂದ ಬಾವಿಕಟ್ಟೆಯವರೆಗೆ ಒಂದೇ ಸಮ ಚಪ್ಪಡಿ ಹಾಸಿದೆವು. ಪರೀಕ್ಷೆಗೆಂದು ಒಂದು ಚೊಂಬು ನೀರು ಸುರಿದೆ. ಎತ್ತ ಹರಿಯಬೇಕೆಂದು ತಿಳಿಯದೆ ಅದು ನಿಂತಲ್ಲೇ ನಿಂತಿತು. ಅವ್ವನ ಕೈ ಹಿಡಿದು ತಂದು ನಿಲ್ಲಿಸಿದೆ. ಅವಳು ಅಂಗಾಲನ್ನು ಆಚೀಚೆ ಆಡಿಸಿ ನೋಡಿ, "ನುಣ್ಣಗೈತೆ ಕಣಪ್ಪ, ಚೆನ್ನಾಗೈತೆ" ಎಂದಳು. ಅಂದು ಸಂಜೆ ಸ್ಕೂಲಿನವರನ್ನೆಲ್ಲ ಕರೆತಂದು ನೆಲ ತೋರಿಸಿದೆ. ಹೆಡ್‌ಮಾಸ್ಟರು ಅದರ ಮೇಲೆ ಕೋಲೂರಿಕೊಂಡು ಮೂರು ಸಲ ಓಡಾಡಿದರು.

ಮಾರನೆಯ ದಿನದಿಂದ ಅವ್ವ ಹಿತ್ತಿಲಿಗೆ ಇಳಿಯಲಿಲ್ಲ. ಒಂದು ದಿನ ಮಂಡಿ ನೋವೆಂದಳು, ಇನ್ನೊಂದು ದಿನ ಶೀತವೆಂದಳು. ಹೊಸ್ತಿಲ ಒಳಗೇ ಮೊರ ಇಟ್ಟುಕೊಂಡು ಕೂತಿರುತ್ತಿದ್ದಳು. ನನಗೆ ಮೊದಲು ಬಂದದ್ದು ಕೋಪ. ಇಷ್ಟು ಒದ್ದಾಡಿ ಹಾಸಿದ ನೆಲದ ಮೇಲೆ ಕಾಲಿಡಲು ಈಕೆಗೇನು ಧಾಡಿ? ಜಯಮ್ಮನೇ ಏನೋ ಕಿವಿಯೂದಿರಬೇಕೆಂದು ಅವಳ ಮೇಲೆ ಹಾರಾಡಿದೆ.

ಜಯಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ಹೊರಕಡೆಗೆ ಹೋಗೋಕೂ, ಕಾಲು ತೊಳೆಯೋಕೂ ಈಗ ನನ್ನೇ ಕರೀತಾರೆ ನಿಮ್ಮವ್ವ. ಕರೆಯೋಕೆ ಮುಂಚೆ ಎಷ್ಟೊತ್ತು ಬಿಗಿಹಿಡ್ಕೊಂಡು ಕೂತಿರ್ತಾರೋ ದೇವರಿಗೇ ಗೊತ್ತು. ಊರೆಲ್ಲ ಕೇಳ್ಕೊಂಡು ಬಂದ್ರಲ್ಲ, ಅವರನ್ನ ಒಂದು ಮಾತು ಕೇಳಿದ್ರಾ?"

ಕೇಳಿರಲಿಲ್ಲ. ಹೋಗಿ ಅವ್ವನ ಪಕ್ಕ ಹೊಸ್ತಿಲಲ್ಲಿ ಕೂತೆ.

"ಬಾಗ್ಲು ದಾಟಿದ್ರೆ ತಣ್ಣನೆ ಮಣ್ಣು ಸಿಗ್ತಿತ್ತು," ಎಂದಳು ಕಾಯಿ ಸುಲಿಯುತ್ತಲೇ. "ಬೇರು ತಾಕಿದ್ರೆ ಅಲ್ಲೇ ಕೂತ್ಕೊಳ್ಳೋದು. ಗರುಸು ಚುಚ್ಚಿದ್ರೆ ಬಾವಿ ಬಂತು ಅಂತ ನಿಂತ್ಕೊಳ್ಳೋದು. ಈಗ ಎಲ್ಲಾ ಒಂದೇ ಆಗೋಗದೆ. ಎಲ್ಲಿ ನಿಂತಿವ್ನಿ ಅಂತಾನೇ ತಿಳಿಯಕಿಲ್ಲ. ನನ್ನ ಕಾಲಿಗೆ ಕಣ್ಣಿದ್ವು ಕಣ್ಲಾ ಮಗ. ನೀನು ಅವಕ್ಕೂ ಪೊರೆ ಬರಿಸ್ಬುಟ್ಟೆ."

ನನಗೆ ಅಳು ಬಂತು. ಮುಚ್ಚಿಡುವುದೇಕೆ, ನಲವತ್ತು ದಾಟಿದ ಮೇಷ್ಟರಾದ ನಾನು ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಅವ್ವ ಅವರೆಕಾಯಿಯ ಸೊಗಡು ಹತ್ತಿದ ಕೈಯಲ್ಲೇ ನನ್ನ ಬೆನ್ನು ಸವರಿದಳು.

ಮುನಿವೆಂಕಟಪ್ಪನಿಗೆ ಮತ್ತೆ ಹೇಳಿ ಕಳಿಸಿದೆ. "ಹಾಕಿದ ಕಲ್ಲು ಕೀಳಿಸ್ತೀರಾ ಮೇಷ್ಟ್ರೆ? ನನ್ನ ಹೆಸ್ರೇನಾಗ್ಬೇಕು?" ಎಂದು ಅವನು ಹಾರೆ ಮುಟ್ಟದೆ ನಿಂತ. ಅವ್ವನನ್ನು ತೋರಿಸಿದೆ. ಆಮೇಲೆ ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವ್ವ ಅವನ ತೋಳು ಹಿಡಿದು ಹೆಜ್ಜೆ ಹೆಜ್ಜೆಗೂ ನಿಂತು, "ಇಲ್ಲಿ ಮಣ್ಣಿರ್ಲಿ. ಇಲ್ಲೊಂದು ಚಪ್ಪಡಿ ಬುಡು, ಕೂರಕ್ಕೆ ಬೇಕು. ಇಲ್ಲಿಂದಾಚೆ ಗರುಸು ಹಾಕು. ಇನ್ನೂ ಹಾಕ್ಲಾ, ಚುಚ್ಚಬೇಕು!" ಎಂದು ಹೇಳಿದಳು. ಬೀದಿಗೆ ಚೆಲ್ಲಿದ್ದ ಗರುಸನ್ನು ಬುಟ್ಟಿಯಲ್ಲಿ ಹೊತ್ತು ತಂದವನು ನಾನು. ಮಣ್ಣಿನ ಭಾಗವನ್ನು ಅತ್ತೆ ಸೊಸೆ ಸೇರಿ ಸಾರಿಸಿದರು. ಮಾರನೆಯ ಬೆಳಿಗ್ಗೆ ಅವ್ವ ಮೊರ ಸೊಂಟಕ್ಕಿಟ್ಟುಕೊಂಡು, ಯಾರನ್ನೂ ಕರೆಯದೆ, ಬಾಗಿಲು ದಾಟಿ ಹೋದಳು.

ಇದಾದ ಕೆಲವು ದಿನಕ್ಕೆ, ರಜೆಯ ಒಂದು ಮಧ್ಯಾಹ್ನ, ಈ ವಿದ್ಯೆ ನನಗೂ ಬರುತ್ತದೆಯೋ ನೋಡೋಣ ಎನಿಸಿತು. ಮೆಟ್ಟು ಬಿಟ್ಟು, ಕಣ್ಣು ಮುಚ್ಚಿ, ಬಾಗಿಲಿಂದ ಹೊರಟೆ. ಮಣ್ಣು ಸಿಕ್ಕಿತು. ಪರವಾಗಿಲ್ಲವೇ ಎಂದುಕೊಂಡು ಇನ್ನೆರಡು ಹೆಜ್ಜೆ ಹಾಕಿದ್ದೇ ತಡ, ಧಡ್ ಎಂದು ಕಲ್ಲುಕಂಬ ಹಣೆಗೆ ಬಡಿಯಿತು.

"ಎಡಗಡೆ ಎರಡನೇದು ತಾನೆ?" ಎಂದಳು ಚಪ್ಪಡಿಯ ಮೇಲೆ ಕೂತಿದ್ದ ಅವ್ವ.

ಹೂಂ ಎಂದೆ.

"ಮೊದಲನೇ ದಿನ ನಂಗೂ ಅದೇ ಬಡೀತು. ನೀನು ಸ್ಕೂಲಿನೋರನ್ನ ಕರ್ಕೊಂಬಂದು ಖುಷಿಯಾಗಿ ತೋರಿಸ್ತಿದ್ದೆ. ಯಾಕೆ ಹೇಳೋದು ಅಂತ ಸುಮ್ಕಾದೆ."

ನನ್ನ ಹಣೆ ಉಜ್ಜಿಕೊಳ್ಳುತ್ತ ಅವಳ ಹಣೆ ನೋಡಿದೆ. ಹುಬ್ಬಿನ ಮೇಲೆ ಒಣಗಿ ಕಪ್ಪಾದ ಒಂದು ಗಾಯದ ಗುರುತು. ಅಷ್ಟು ದಿನವೂ ನಾನು ಎರಡು ಹೊತ್ತು ಅವಳ ಎದುರಿಗೇ ಕೂತು ಊಟ ಮಾಡಿದ್ದೆ.